ಮರ್ವ್‌ನ ಪೀಪಿ

ಜನವರಿ 31, ಮಂಗಳವಾರ

ತೂಕ 71.4. ಪಾದದ ಊತ ನಿನ್ನೆಗಿಂತ ಕಮ್ಮಿ. ನೀರಿಳಿಸೋ ಮಾತ್ರೆ ಆರೂವರೆಗೆ. ಡೆಸ್ ಏಳಕ್ಕೆ ಎದ್ದ, ರೈಲ್ವೆ ಟೋಪಿ ಎಲ್ಲಿ ಅಂತ ಕೇಳಿದ. ಕೊಟ್ಟೆ. ಟೋಪಿ ಹಾಕ್ಕೊಂಡೇ ಓಟ್ಸ್ ಗಂಜಿ ತಿಂದ. ರೈಲು ಎಂಜಿನ್ ಓಡಿಸೋದು ಬಿಟ್ಟು ಹನ್ನೆರಡು ವರ್ಷ ಆಯ್ತು ಅಂತ ಮೊದಲೆಲ್ಲ ಹೇಳ್ತಿದ್ದೆ. ಮುಖ ಸಣ್ಣದು ಮಾಡ್ಕೊಳ್ತಿದ್ದ. ಈಗ ಹೇಳೋದು ಬಿಟ್ಟಿದ್ದೀನಿ.

ಮರೆವಿನ ಗಂಡನ್ನ ಒಬ್ಬನೇ ಬಿಡೋ ಹಾಗಿಲ್ಲ, ಪಕ್ಕದ ಮನೆ ಗ್ಲೆನಿಸ್ ಬಂದು ಅವನ ಜೊತೆ ಕೂತಳು. ನಾನು ಆಸ್ಪತ್ರೆಗೆ, ಹೃದ್ರೋಗಿಗಳ ಕಸರತ್ತಿನ ಕ್ಲಾಸಿಗೆ. ಹೋಗುವಾಗ ಇಳಿಜಾರು, ಸುಲಭ. ಆದರೆ ಈ ಗುಡ್ಡದೂರು ಬರ್ನಿಯಲ್ಲಿ ಇಳಿದವರು ವಾಪಸ್ ಹತ್ತಲೇಬೇಕು.

ಇವತ್ತಿಂದ ಉಸಿರಿನ ಪ್ರಯೋಗ ಶುರು. ಫಿಸಿಯೋ ಕರ್ಸ್ಟಿ ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಕೊಳವೆ ಕೊಟ್ಟಳು. ಅಂಗೈಯಷ್ಟು. ಮೂಗಿಗೆ ಕ್ಲಿಪ್, ಬಾಯಿಗೆ ಕೊಳವೆ. ಊದೋದಲ್ಲ, ಒಳಗೆ ಎಳೆಯೋದು. ಒಳಗೊಂದು ಸ್ಪ್ರಿಂಗ್. ಅದನ್ನ ಸೋಲಿಸಿದರೆ ಮಾತ್ರ ಗಾಳಿ. ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು. ವಾರಕ್ಕೊಮ್ಮೆ ತಿರುಪು ಒಂದು ಸುತ್ತು ಬಿಗಿ. ಹತ್ತು ವಾರ.

"ಹೃದಯ ಸೋತಾಗ ಉಸಿರೆಳೆಯೋ ಸ್ನಾಯುನೂ ಸೊರಗುತ್ತೆ. ಕೈಕಾಲಿಗೆ ಕಸರತ್ತು ಮಾಡಿಸ್ತೀವಲ್ಲ, ಇದು ಅದಕ್ಕೆ," ಅಂದಳು ಕರ್ಸ್ಟಿ.

ಹೋಲಿಸಿ ನೋಡೋಕೆ ಅಂತ ಎಲ್ಲರದೂ ಒಂದೇ ಅಲ್ಲ. ಅರ್ಧ ಜನಕ್ಕೆ ಗಟ್ಟಿ ಸ್ಪ್ರಿಂಗು, ಇನ್ನರ್ಧಕ್ಕೆ ಹೆಸರಿಗೆ ಮಾತ್ರ. ಯಾರದು ಯಾವುದು ಕರ್ಸ್ಟಿಗೂ ಗೊತ್ತಿಲ್ಲ. ಅಂಕಿ ಕಾಣದ ಹಾಗೆ ಕಪ್ಪು ಟೇಪು, ಅದರ ಮೇಲೆ ಹೆಸರಿನ ಚೀಟಿ. ಒಪ್ಪಿಗೆ ಪತ್ರದಲ್ಲಿ ಎಲ್ಲ ಬರೆದಿತ್ತು. ಓದಿಯೇ ಸಹಿ ಹಾಕಿದ್ದೆ.

ಪಕ್ಕದ ಕುರ್ಚಿಯವರು ಮರ್ವ್. ಎಪ್ಪತ್ತನಾಲ್ಕು. ಪೇಪರ್ ಮಿಲ್ಲಲ್ಲಿದ್ದವರು. ಕೊಳವೆ ತಿರುಗಿಸಿ ನೋಡಿ, "ಹುಟ್ಟುಹಬ್ಬದ ಪೀಪಿನೇ ವಾಸಿ. ಸದ್ದಾದ್ರೂ ಬರುತ್ತೆ," ಅಂದರು. ಕ್ಲಾಸು ಮುಗಿಯೋ ಹೊತ್ತಿಗೆ ಎಲ್ಲರ ಬಾಯಲ್ಲೂ ಪೀಪಿ.

ಆಸ್ಪತ್ರೆ ಕೊಟ್ಟ ಹಾಳೆಯಲ್ಲಿ ಬರೀ ಗುರುತು ಹಾಕೋ ಚೌಕಗಳು. ಈ ನೋಟ್‌ಬುಕ್ ನನ್ನದು.

ಫೆಬ್ರವರಿ 3

ಅಡುಗೆಮನೆಯಲ್ಲಿ ಪೀಪಿ ಎಳೀತಿದ್ದೆ. ಡೆಸ್ ಬಾಗಿಲಲ್ಲಿ ನಿಂತು ಕಿವಿಗೊಟ್ಟ. "ಎಲ್ಲೋ ಬ್ರೇಕಿನ ಗಾಳಿ ಸೋರ್ತಿದೆ." ಬಗ್ಗಿ ಫ್ರಿಜ್ಜಿನ ಹಿಂದೆ ಹುಡುಕಿದ. ನಗು ಬಂತು. ಪೀಪಿ ಬಾಯಲ್ಲಿಟ್ಟುಕೊಂಡೇ ನಕ್ಕೆ.

ಆಮೇಲೆ ಯೋಚನೆ — ನಗೋಕಾಯ್ತಲ್ಲ, ಅಷ್ಟು ಹಗುರ ಇರಬೇಕಾ ಇದು?

ಫೆಬ್ರವರಿ 7, ಮಂಗಳವಾರ

ಇರಬಾರದು. ಗೊತ್ತಾಯ್ತು.

ಕ್ಲಾಸಲ್ಲಿ ಎಲ್ಲರೂ ಒಟ್ಟಿಗೆ ಎಳೆದೆವು. ಮರ್ವ್ ಮುಖ ಬೀಟ್‌ರೂಟ್. ಕತ್ತಿನ ನರ ಎದ್ದು ನಿಂತಿತ್ತು. ನನ್ನನ್ನ ಕರ್ಸ್ಟಿ ಗದರಿಸಿದಳು: "ನೆರಿಡಾ, ಮಾತಾಡ್ತಾ ಮಾಡಬೇಡಿ." ಮಾತಾಡ್ತಾ ಮಾಡೋಕಾಗುತ್ತೆ ಅನ್ನೋದೇ ವಿಷಯ.

ಚಹಾ ಹೊತ್ತಲ್ಲಿ ಮರ್ವ್‌ರ ಪೀಪಿ ಈಸ್ಕೊಂಡೆ. ಒರೆಸಿ, ಬಾಯಿಗಿಟ್ಟು ಎಳೆದೆ. ಗೋಡೆ. ಗಾಳಿ ಬರಲೇ ಇಲ್ಲ. ಇನ್ನೊಮ್ಮೆ ಎಳೆದೆ. ಪಕ್ಕೆ ಹಿಡಿದುಕೊಂಡಿತು, ಆಮೇಲೆ ಬಂತು ಒಂದು ಎಳೆ.

"ಆಯ್ತಾ?" ಅಂದರು. "ದಿನಕ್ಕೆ ಅರವತ್ತು ಸಲ. ನನ್ನ ಹಲ್ಲಿನ ಸೆಟ್ಟು ಕಳಚಿ ಹೊಟ್ಟೆಗೆ ಹೋಗುತ್ತೆ ಒಂದಿನ."

ನನ್ನದು ಅವರಿಗೆ ಕೊಟ್ಟೆ. ಒಂದೇ ಎಳೆತ. ನನ್ನ ಮುಖ ನೋಡಿದರು.  ವಾಪಸ್ ಕೊಟ್ಟರು.

ಫೆಬ್ರವರಿ 9

ಪತ್ರ ಬಂತು. ಸರ್ಕಾರದವರು ಡೆಸ್‌ನ ನೋಡೋಕೆ ಮಾರ್ಚ್ 23ಕ್ಕೆ ಬರ್ತಾರೆ. ಮನೆಯಲ್ಲೇ ಇರಬಹುದಾ, ವೃದ್ಧಾಶ್ರಮಕ್ಕೆ ಹೋಗಬೇಕಾ — ತೀರ್ಮಾನ. ನೋಡೋದು ಅವನೊಬ್ಬನನ್ನೇ ಅಲ್ಲ. ನೋಡಿಕೊಳ್ಳೋಳನ್ನ.

ಮಲಗೋ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಈಗ ಮಧ್ಯದಲ್ಲಿ ಎರಡು ಸಲ ನಿಲ್ತೀನಿ. ಗೋಡೆ ಮೇಲಿನ ಫೋಟೋ ನೋಡೋಳ ಹಾಗೆ.

ಫೆಬ್ರವರಿ 11, ಶನಿವಾರ

ಡೆಸ್ ಸ್ನಾನದ ತೊಟ್ಟಿಯಲ್ಲಿ ಕೂತವನು ಏಳಲಿಲ್ಲ. ಏಳೋದು ಹೇಗೆ ಅಂತ ಮರೆತಿತ್ತು. ಕಂಕುಳಿಗೆ ಕೈ ಹಾಕಿ ಎಳೆದೆ. ಕಣ್ಣು ಕತ್ತಲೆ ಬಂತು. ನೀರು ತಣ್ಣಗಾಯ್ತು. ಅವನು ನಡುಗ್ತಾ, "ಮೇಡಂ, ನನ್ನ ಹೆಂಡತೀನ ಕರೀರಿ," ಅಂದ. ನಲವತ್ತು ನಿಮಿಷ. ಕೊನೆಗೆ ಗ್ಲೆನಿಸ್ ಬಂದಳು.

ನಮಗೆ ಮಕ್ಕಳಿಲ್ಲ. ನಾನೇ ಎಲ್ಲ.

ಫೆಬ್ರವರಿ 14, ಮಂಗಳವಾರ

ಬರೆದಿಡ್ತೀನಿ. ಆಸ್ಪತ್ರೆ ಹಾಳೆಯಲ್ಲಿ ಇದಕ್ಕೆ ಚೌಕ ಇಲ್ಲ.

ಕ್ಲಾಸಾದ ಮೇಲೆ ಮರ್ವ್‌ರ ಕಾರಿನ ಹತ್ತಿರ ಹೋದೆ. ಕಿಟಕಿ ಇಳಿಸಿದರು.

"ಮರ್ವ್, ನಿಮ್ಮ ಪೀಪಿ ನನಗೆ ಕೊಡ್ತೀರಾ? ನನ್ನದು ನೀವಿಟ್ಕೊಳ್ಳಿ."

"ಪ್ರೇಮಿಗಳ ದಿನ ಒಬ್ಬ ಹೆಂಗಸು ಬಂದು ಏನಾದ್ರೂ ಕೇಳಿ ನಲವತ್ತು ವರ್ಷ ಆಗಿತ್ತು. ಕೇಳಿದ್ದೂ ಪೀಪಿ!"

ಡೆಸ್ ವಿಷಯ ಹೇಳಿದೆ. ತೊಟ್ಟಿ, ಮೆಟ್ಟಿಲು, ಮಾರ್ಚ್ 23. ಹೇಳ್ತಾ ಅತ್ತೆ. ಬೇಕಂತಲೇ ಅಲ್ಲ. ಆದರೆ ಅತ್ತದ್ದು ಉಪಯೋಗಕ್ಕೆ ಬಂತು ಅಂತ ಆಗಲೇ ಗೊತ್ತಿತ್ತು.

ಅವರು ನಗೋದು ನಿಲ್ಲಿಸಿದರು. ಉಗುರಲ್ಲಿ ಎರಡೂ ಚೀಟಿ ಎಬ್ಬಿಸಿ ಅದಲು ಬದಲು ಮಾಡಿ ಅಂಟಿಸಿದರು. ದಪ್ಪ ಬೆರಳು, ನೀಟು ಕೆಲಸ.

"ತಗೊಂಡೋಗು ಮಾರಾಯ್ತಿ. ನನಗ್ಯಾರಿದ್ದಾರೆ ಎತ್ತೋಕೆ."

ಥ್ಯಾಂಕ್ಸ್ ಅಂದೆ. ಮನೆಗೆ ಬಂದು ಕುದಿಯೋ ನೀರಲ್ಲಿ ಹಾಕಿದೆ. ಒಣಗಿಸಿ ಸಂಜೆ ಎಳೆದೆ. ಹನ್ನೊಂದಕ್ಕೆ ನಿಂತೆ. ತಲೆ ಸುತ್ತು. ಕೂತು, ಮತ್ತೆ ಎಳೆದೆ. ಮೂವತ್ತು ಮಾಡಿದೆ.

ಫೆಬ್ರವರಿ 19

ಪಕ್ಕೆ ನೋವು. ಗೋಣಿಚೀಲ ಹೊತ್ತವಳ ಹಾಗೆ. ಮೂವತ್ತು, ಮೂವತ್ತು.

ಫೆಬ್ರವರಿ 28

ಒಗೆದ ಬಟ್ಟೆಯ ಬುಟ್ಟಿ ಹೊತ್ಕೊಂಡು ಹದಿನಾಲ್ಕೂ ಮೆಟ್ಟಿಲು ಹತ್ತಿದೆ. ಮೇಲೆ ಹೋಗಿ ನಿಂತ ಮೇಲೆ ನೆನಪಾಯ್ತು — ಮಧ್ಯದಲ್ಲಿ ನಿಲ್ಲಲೇ ಇಲ್ಲ. ಮತ್ತೆ ಇಳಿದು ಮತ್ತೆ ಹತ್ತಿದೆ. ನಿಜವೇ.

ಡೆಸ್ ಕೆಳಗಿಂದ ಕೂಗಿದ: "ಯಾರದು ಮೇಲೆ ಕೆಳಗೆ?" ನಾನೇ ಕಣೋ. ನಾನೇ.

ಮಾರ್ಚ್ 7, ಮಂಗಳವಾರ

ಅರ್ಧ ದಾರಿಯ ಪರೀಕ್ಷೆ. ಆರು ನಿಮಿಷದಲ್ಲಿ ಕಾರಿಡಾರಲ್ಲಿ ಎಷ್ಟು ದೂರ ನಡೀತೀವಿ ಅಂತ. ಜನವರಿಯಲ್ಲಿ 262 ಮೀಟರ್. ಇವತ್ತು 318. ಕರ್ಸ್ಟಿ ಕೈ ಕುಲುಕಿದಳು.

ಮರ್ವ್ ನಾಲ್ಕನೇ ನಿಮಿಷಕ್ಕೆ ಕೂತುಬಿಟ್ಟರು. ಕೋಟಿಲ್ಲದೆ ಬಂದಿದ್ದರೂ ಬೆವರು. "ನಿನ್ನೆ ನಿದ್ದೆ... ಸರಿ ಬರಲಿಲ್ಲ," ಅಂದರು ಅವಳಿಗೆ. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಸೆಕೆ ಇತ್ತು ಇವತ್ತು. ಸೆಕೆಗೆ ಎಲ್ಲರಿಗೂ ಹಾಗೆ.

ಮಾರ್ಚ್ 14, ಮಂಗಳವಾರ

ಮರ್ವ್ ಬಂದಿಲ್ಲ. ಫೋನ್ ಮಾಡಿ ಹೊಟ್ಟೆ ಸರಿ ಇಲ್ಲ ಅಂದರಂತೆ.

ತಿರುಪು ಆರನೇ ಸುತ್ತು.

ಮಾರ್ಚ್ 15, ಬುಧವಾರ

ಮರ್ವ್ ಮನೆಗೆ ಹೋಗಿದ್ದೆ. ಗ್ಲೆನಿಸ್‌ಗೆ ಒಂದು ಗಂಟೆ ಅಂತ ಹೇಳಿ. ರೈಲು ಹಳಿ ದಾಟಿ, ಸಾಲು ಮನೆಗಳಲ್ಲಿ ಕೊನೇದು.

ಬಾಗಿಲು ತೆಗೆಯೋಕೆ ತುಂಬ ಹೊತ್ತು ಹಿಡೀತು. ಚಪ್ಪಲಿಯಲ್ಲಿ ಪಾದ ಹಿಡಿಸ್ತಿರಲಿಲ್ಲ. ಅಡುಗೆಮನೆಯಲ್ಲಿ ಒಂದು ಕುರ್ಚಿ, ಒಂದು ಮೇಜು, ಸೂಪಿನ ಡಬ್ಬಗಳು.

"ಉಪ್ಪು ಮರ್ವ್! ಡಬ್ಬದ ಸೂಪಲ್ಲಿ ಬರೀ ಉಪ್ಪೇ."

"ಗೊತ್ತು... ರುಚಿ ಇರೋದೂ ಅದೊಂದೇ."

ಗೋಡೆಯಲ್ಲಿ ಕ್ಯಾಲೆಂಡರ್. ಪ್ರತಿ ದಿನದ ಚೌಕದಲ್ಲಿ ಎರಡು ಗೆರೆ, ಪೆನ್ಸಿಲ್‌ದು. ಬೆಳಿಗ್ಗೆ ಒಂದು, ಸಂಜೆ ಒಂದು. ಒಂದು ದಿನವೂ ಬಿಟ್ಟಿಲ್ಲ. ಫೆಬ್ರವರಿ 14 ಆದ ಮೇಲೂ.

"ಏನಿದು? ಅದು ಖಾಲಿ ಅಂತ ನಿಮಗೆ ಗೊತ್ತಲ್ಲ?"

"ಖಾಲಿನೇ ಇರಬೇಕು. ಆದ್ರೆ ಪೂರ್ತಿ... ಖಾಲಿ ಅಲ್ದೇನೂ ಇರಬಹುದಲ್ಲ. ಚೂರುಪಾರು... ಏನಾದ್ರೂ ಇದ್ರೆ ಅಂತ."

ನಾನು ಕೂತೆ. ಒಂದೇ ಕುರ್ಚಿ, ಅವರು ನಿಂತೇ ಇದ್ದರು. ನನಗದು ಹೊಳೆಯಲೂ ಇಲ್ಲ. ಯಾಕೆ ಮರ್ವ್, ಯಾಕೆ ಬೇಕಿತ್ತು ನಿಮಗೆ, ಅಂತ ಕೇಳಿದೆ. ಮೊದಲನೇ ಸಲ ಕೇಳಿದ್ದು.

ಮಗಳಿದ್ದಾಳೆ. ಟೀಗನ್. ದೇಶದ ಆ ತುದಿ ಕರಾತಾದಲ್ಲಿ, ಕಬ್ಬಿಣದ ಗಣಿಯಲ್ಲಿ ಲಾರಿ ಓಡಿಸ್ತಾಳೆ. ಭಾನುವಾರ ನಾಲ್ಕಕ್ಕೆ ಫೋನ್. ಇವರ ಹೃದಯದ ವಿಷಯ ಅವಳಿಗೆ ಗೊತ್ತಿಲ್ಲ. ಹೇಳಿದರೆ ಕೆಲಸ ಬಿಟ್ಟು ಓಡಿ ಬರ್ತಾಳೆ. ಅಮ್ಮನ ಕಾಯಿಲೆಗೆ ಒಂದು ಸಲ ಹಾಗೇ ಬಂದು ಎರಡು ವರ್ಷ ಕಳೆದುಕೊಂಡಳು. ಎರಡನೇ ಸಲ ಬೇಡ.

"ಮೊದಲು ನಾನೇ ವಟವಟ... ಅವಳಿಗೆ ಬಾಯಿ ಹಾಕೋಕೆ ಬಿಡ್ತಿರಲಿಲ್ಲ. ಈಗ ಒಂದು ಪ್ರಶ್ನೆ ಕೇಳಿ... ಸುಮ್ಮನೆ ಕೂರ್ತೀನಿ. ಮೊನ್ನೆ ಕೇಳಿದಳು... ಯಾಕಪ್ಪ ಏದುಸಿರು ಅಂತ. ಹಿತ್ತಲಿಂದ ಓಡಿ ಬಂದೆ ಅಂದೆ." ಉಸಿರು ತಗೊಂಡರು. "ಹತ್ತು ನಿಮಿಷ. ಹತ್ತು ನಿಮಿಷ ಒಂದೇ ಸಮ ಮಾತಾಡೋ ಅಷ್ಟು ಉಸಿರು... ಬಂದಿದ್ರೆ ಸಾಕಿತ್ತು."

 ಸೂಪಿನ ಡಬ್ಬ ಎಲ್ಲ ಚೀಲಕ್ಕೆ ಹಾಕ್ಕೊಂಡು ಬಂದೆ. ದೊಡ್ಡ ಉಪಕಾರ.

ಮಾರ್ಚ್ 21, ಮಂಗಳವಾರ

ಆರು ದಿನ ಬರೆದಿಲ್ಲ.

ಮರ್ವ್ ಕ್ಲಾಸಿಗೆ ಬಂದರು. ಟ್ಯಾಕ್ಸಿಯಲ್ಲಿ. ಹೊರಗಿನ ಬೆಂಚಲ್ಲಿ ಅವರ ಪೀಪಿ ಮುಂದಿಟ್ಟೆ. "ತಗೊಳ್ಳಿ. ತಪ್ಪಾಯ್ತು."

ಮುಟ್ಟಲಿಲ್ಲ. ಬಂದರಿನ ಕಡೆ ನೋಡ್ತಾ ಕೂತರು. ಮರದ ಚೂರಿನ ಗುಡ್ಡದ ಮೇಲೆ ಬುಲ್ಡೋಜರ್ ಹತ್ತಿ ಇಳೀತಿತ್ತು.

"ನೀನು ಕೇಳಿದೆ... ನಾನು ಕೊಟ್ಟೆ. ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ. ಆಮೇಲೆ ಒಂದು ತಿಂಗಳು... ನನ್ನ ಪಕ್ಕದಲ್ಲೇ ಕೂತೆ. ಒಂದು ಸಲ ಕೇಳಿದ್ಯಾ... ಹೇಗಿದ್ದೀರಿ ಮರ್ವ್ ಅಂತ?"

ಇಲ್ಲ. ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತೆ ಅಂತ.

"ಗುರುವಾರ ಅಲ್ವಾ... ಡೆಸ್‌ನ ನೋಡೋಕೆ ಬರೋದು? ಮುಗಿಸು. ಆಮೇಲೆ ಕೊಡು."

ಬೇಡ ಅನ್ನಬೇಕಿತ್ತು. ಎರಡೇ ದಿನ ತಾನೇ ಅಂದುಕೊಂಡೆ. ಚೀಲಕ್ಕೆ ಹಾಕ್ಕೊಂಡೆ.

ಮಾರ್ಚ್ 23, ಗುರುವಾರ

ಸರ್ಕಾರದವಳು ಬಂದಿದ್ದಳು. ಚಿಕ್ಕ ಹುಡುಗಿ, ಕೈಯಲ್ಲಿ ಟ್ಯಾಬ್ಲೆಟ್. ಡೆಸ್ ಅವಳನ್ನ ಇನ್‌ಸ್ಪೆಕ್ಟರ್ ಅಂದುಕೊಂಡು ನೆಟ್ಟಗೆ ಕೂತು ಉತ್ತರ ಕೊಟ್ಟ. ನಾನು ಅವಳನ್ನ ಮೇಲಕ್ಕೆ ಕರ್ಕೊಂಡು ಹೋದೆ, ಮಾತಾಡ್ತಾ ಮಾತಾಡ್ತಾ, ಹದಿನಾಲ್ಕು ಮೆಟ್ಟಿಲು. ಅವಳೇ ಮೇಲೆ ನಿಂತು ಉಸಿರು ತಗೊಂಡಳು.

"ನಿಮಗೆ ಹೃದಯದ ತೊಂದರೆ ಅಂತ ಬರೆದಿದ್ದಾರೆ?"

"ಕಸರತ್ತು ಮಾಡ್ತೀನಿ," ಅಂದೆ.

ಡೆಸ್ ಮನೆಯಲ್ಲೇ ಇರಬಹುದು. ವಾರಕ್ಕೆ ಹದಿನಾಲ್ಕು ಗಂಟೆ ಸಹಾಯಕ್ಕೆ ಜನ ಬರ್ತಾರೆ, ಸ್ನಾನಕ್ಕೆ ಕುರ್ಚಿ ಕೊಡ್ತಾರೆ.

ಗೆದ್ದೆ. ಬಾಗಿಲು ಹಾಕಿ ಹಾಲ್‌ನಲ್ಲಿ ನಿಂತೆ. ಡೆಸ್ ಕೇಳಿದ, "ಪಾಸಾ?" "ಪಾಸು," ಅಂದೆ. ಇಬ್ಬರೂ ಬಿಸ್ಕತ್ತು ತಿಂದೆವು. 

ನಾಳೆ ಪೀಪಿ ಕೊಟ್ಟು ಬರ್ತೀನಿ.

ಮಾರ್ಚ್ 27, ಸೋಮವಾರ

ಶುಕ್ರವಾರ ಸ್ನಾನದ ಕುರ್ಚಿ ತಂದುಕೊಟ್ಟರು. ಶನಿವಾರ ಮಳೆ. ಭಾನುವಾರ ಡೆಸ್‌ಗೆ ಶೀತ. ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಹೋದೆ. ಬಾಗಿಲು ಬೀಗ. ಪಕ್ಕದ ಮನೆಯಾಕೆ ಹೇಳಿದಳು — ನಿನ್ನೆ ಆಂಬುಲೆನ್ಸ್ ಬಂದಿತ್ತು. ಕೂತಲ್ಲೇ ಉಸಿರಿಗೆ ಒದ್ದಾಡ್ತಿದ್ದರಂತೆ. ಶ್ವಾಸಕೋಶದಲ್ಲಿ ನೀರು.

ವಾಪಸ್ ಬಂದು ಡೆಸ್‌ಗೆ ಎಲ್ಲ ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು, ಅವನು ಮರೀತಾನೆ. ಚೀಟಿ, ಕಾರು, ಕ್ಯಾಲೆಂಡರ್. ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದ.

"ಕೆಂಪು ಸಿಗ್ನಲ್ ಇದ್ದಾಗ ನೀನು ದಾಟಿದೆ."

"ಹೂಂ ಡೆಸ್."

"ಕಂಡೂ ದಾಟಿದೆಯಾ, ಕಾಣದೆ ದಾಟಿದೆಯಾ?"

"ಕಂಡೂ."

"ರಿಪೋರ್ಟ್ ಬರೀಬೇಕು. ನಾವೇ ಬರೆದುಕೊಟ್ಟರೆ ಸಸ್ಪೆಂಡು. ಅವರಾಗಿ ಹಿಡಿದರೆ ಕೆಲಸವೇ ಹೋಗುತ್ತೆ." ಟೋಪಿ ತಿರುಗಿಸಿ ನೋಡಿದ. "ಯಾರಿಗಾದ್ರೂ ಏಟಾಯ್ತಾ?"

ಆಮೇಲೆ ಊಟಕ್ಕೆ ಏನು ಅಂತ ಕೇಳಿದ.

ಮಾರ್ಚ್ 28, ಮಂಗಳವಾರ

ಕ್ಲಾಸಿಗೆ ಅರ್ಧ ಗಂಟೆ ಮೊದಲೇ ಹೋಗಿ ಕರ್ಸ್ಟಿಗೆ ಹೇಳಿದೆ. ನಿಂತಿದ್ದಳು, ಕೂತಳು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

"ಯಾವತ್ತಿಂದ?"

"ಫೆಬ್ರವರಿ ಹದಿನಾಲ್ಕು."

"ಆರು ವಾರ." ಕಿಟಕಿ ಕಡೆ ತಿರುಗಿದಳು. "ಎಂಬತ್ತಾರು ಜನ ಇದ್ದಾರೆ ಇದರಲ್ಲಿ, ನಾಲ್ಕು ಊರುಗಳಲ್ಲಿ. ಇಬ್ಬರನ್ನ ತೆಗೆದು ಹಾಕ್ತೀವಿ, ನಾನು ಮೇಲಿನವರಿಗೆ ಬರೀತೀನಿ. ಅದಲ್ಲ ನನಗೆ. ಪ್ರತಿ ವಾರ ಮರ್ವ್ ಅಂಕಿ ನೋಡ್ತಾ ಇದ್ದೆ, ಯಾಕೆ ಇಳೀತಿದೆ ಅಂತ. ಉಪ್ಪು ಕೇಳಿದೆ, ನಿದ್ದೆ ಕೇಳಿದೆ, ಮಾತ್ರೆ ಕೇಳಿದೆ. ಪೀಪಿ ಮಾಡ್ತೀರಾ ಅಂದ್ರೆ ಒಂದೂ ಬಿಡದೆ ಅಂದರು. ಸುಳ್ಳೂ ಅಲ್ಲ."

ಕೇಳಿಯೇಬಿಟ್ಟೆ. "ಅದು ಅವರ ಹತ್ತಿರವೇ ಇದ್ದಿದ್ದರೆ ಹೀಗಾಗ್ತಿರಲಿಲ್ವಾ?"

"ಗೊತ್ತಿಲ್ಲ."

"ಅಂದಾಜು—"

"ಗೊತ್ತಿಲ್ಲ ನೆರಿಡಾ. ಗೊತ್ತಿಲ್ಲ ಅಂತಾನೇ ಈ ಪ್ರಯೋಗ ಮಾಡ್ತಿರೋದು. ಏದುಸಿರು ಕಮ್ಮಿ ಆಗುತ್ತೆ, ನಾಲ್ಕು ಹೆಜ್ಜೆ ಜಾಸ್ತಿ ನಡೀತಾರೆ ಅಂತ ನಾವು ನಂಬ್ತೀವಿ. ನೀರು ತುಂಬೋದನ್ನ ತಡೆಯುತ್ತಾ? ಆ ಸೂಪಿನ ಡಬ್ಬಕ್ಕೆ ಯಾವ ಪೀಪಿ ಸಾಕು? ನನಗೆ ಗೊತ್ತಿಲ್ಲ. ನಿಮಗೂ ಯಾವತ್ತೂ ಗೊತ್ತಾಗಲ್ಲ."

ಮರ್ವ್ ಸ್ವಲ್ಪ ಸುಧಾರಿಸಿದ ಮೇಲೆ ಅವರಿಗೆ ಅಸಲಿ ಪೀಪಿ ಕೊಡ್ತಾಳಂತೆ, ಪ್ರಯೋಗದ ಹೊರಗೆ. ನನಗೂ ಒಂದು ಕೊಟ್ಟಳು. ಹೊಸದು. ಟೇಪಿಲ್ಲದ್ದು. ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟಳು.

ಏಪ್ರಿಲ್ 2, ಭಾನುವಾರ

ಮರ್ವ್ ಇರೋ ವಾರ್ಡಿಗೆ ಹೋಗಿದ್ದೆ, ಮೂರನೇ ಸಲ. ಮೂಗಿಗೆ ಆಕ್ಸಿಜನ್ ನಳಿಕೆ. ನೀರು ಇಳೀತಿದೆ, ಮುಖ ಬತ್ತಿದೆ. ನಾಲ್ಕು ಗಂಟೆಯ ಫೋನಿಗೆ ಮೂರೂವರೆಯಿಂದ ತಯಾರಿ. ದಿಂಬು ಎತ್ತರಿಸಿದರು, ನೀರು ಗುಟುಕರಿಸಿದರು, ಮಾತಾಡದೆ ಕೂತರು, ಉಸಿರು ಕೂಡಿಡೋರ ಹಾಗೆ.

"ನಾನು ನಿಂತಾಗ... ನೀನು ಮಾತಾಡು. ಪಕ್ಕದ ಮನೆಯವಳು ಅನ್ನು. ಚಹಾಕ್ಕೆ ಬಂದಿದ್ದೀಯ ಅನ್ನು."

ಫೋನ್ ಬಂತು. "ಏನಮ್ಮ... ಟೀಗ್," ಅಂದರು. ಅಷ್ಟೇ ಆಗಿದ್ದು. ಬಾಯಿ ಆಡಿತು, ಸ್ವರ ಬರಲಿಲ್ಲ. ಫೋನ್ ನನ್ನ ಕೈಗೆ.

ಆ ಕಡೆಯಿಂದ: "ಅಪ್ಪಾ? ಅಪ್ಪಾ, ಕೇಳಿಸ್ತಿದ್ಯಾ?"

ಚಹಾಕ್ಕೆ ಬಂದಿದ್ದೀನಿ ಅನ್ನಬೇಕಿತ್ತು. ಅದೇ ಹೇಳೋಕೆ ಹೊರಟೆ. ಹಿಂದೆ ಮಾನಿಟರ್ ಬೀಪ್ ಬೀಪ್ ಅಂತಿತ್ತು, ಅವಳಿಗೂ ಕೇಳಿಸ್ತಿರಬೇಕು.

"ಟೀಗನ್, ನಾನು ನೆರಿಡಾ ಅಂತ. ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾರೆ. ಹೃದಯ. ಎರಡು ವರ್ಷದಿಂದ ಇದೆ. ನೀವು ಬನ್ನಿ."

ಮರ್ವ್ ತಲೆ ಅಲ್ಲಾಡಿಸ್ತಾನೇ ಇದ್ದರು. ಬೇಡ ಬೇಡ ಅಂತ. ಕೈ ಎತ್ತಿ ಫೋನ್ ಕಿತ್ಕೊಳ್ಳೋಕೆ ನೋಡಿದರು. ನಾನು ಹಿಂದಕ್ಕೆ ಸರಿದೆ. ಸರಿದೆ. ಹೌದು.

ಅವಳು ಅಳಲಿಲ್ಲ. "ಯಾವ ವಾರ್ಡು?" ಅಂತ ಮಾತ್ರ ಕೇಳಿದಳು.

ಫೋನ್ ಇಟ್ಟ ಮೇಲೆ ಮರ್ವ್ ಗೋಡೆ ಕಡೆ ತಿರುಗಿದರು. ನಾನು ಕೋಟು ಹಾಕ್ಕೊಳ್ತಿದ್ದಾಗ:

"ಇದನ್ನೂ... ತಗೊಂಡೆಯಲ್ಲ."

ಏಪ್ರಿಲ್ 5

ಟೀಗನ್ ಬಂದಳು ಅಂತ ಕರ್ಸ್ಟಿ ಹೇಳಿದಳು. ಮೂರು ವಿಮಾನ ಬದಲಾಯಿಸಿ. ಗಣಿಯ ಬೂಟಲ್ಲೇ.

ನಾನು ಹೋಗಲಿಲ್ಲ.

ಏಪ್ರಿಲ್ 11

ಈಸ್ಟರ್ ಮುಗಿದ ಮೇಲೆ ಮರ್ವ್‌ರನ್ನ ಮನೆಗೆ ಬಿಟ್ಟಿದ್ದಾರೆ. ಅಸಲಿ ಪೀಪಿ ಕೊಟ್ಟಿದ್ದಾರೆ. ಮಗಳು ಪಕ್ಕದಲ್ಲಿ ಕೂತು ಎಣಿಸ್ತಾಳಂತೆ, ಮೂವತ್ತು.

ನಾನೂ ಎಳೀತೀನಿ. ಬಿಡೋ ಹಾಗಿಲ್ಲ. ಎತ್ತಬೇಕಾದ ಡೆಸ್‌ನ ತೂಕ ಇಳಿದಿಲ್ಲ.

ಏಪ್ರಿಲ್ 18

ಧೈರ್ಯ ಮಾಡಿ ಹೋದೆ. ಟೀಗನ್ ಅಂಗಡಿಗೆ ಹೋಗಿದ್ದಳು. ಬಾಗಿಲು ಮರ್ವ್‌ರೇ ತೆಗೆದರು. ನೋಡಿದರು. ಒಳಗೆ ನಡೆದರು, ಬಾಗಿಲು ತೆರೆದೇ ಬಿಟ್ಟು. ಹಿಂದೆ ಹೋದೆ.

ಅಡುಗೆಮನೆಯಲ್ಲಿ ಎರಡು ಕುರ್ಚಿ ಈಗ.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೋಗುತ್ತೆ ಅಂತಲೂ ನನಗೆ ಅನ್ನಿಸ್ತಿಲ್ಲ, ಆದ್ರೆ ಬಂದವರಿಗೆ ಚಹಾ ಕೊಡದೆ ಕಳಿಸೋ ಮನೆ ಅಲ್ಲ ಇದು, ಕೂತ್ಕೋ."

ಇಷ್ಟನ್ನೂ ಎಲ್ಲೂ ನಿಲ್ಲದೆ ಹೇಳಿದರು. ಇಬ್ಬರಿಗೂ ಗೊತ್ತಾಯ್ತು.  ನಾನು ಕೆಟಲ್ ಇಟ್ಟೆ.

ರಾತ್ರಿ ಊಟ ಆದ ಮೇಲೆ ಅಪ್ಪ ಮಗಳು ಮಾತಿಗೆ ಕೂರ್ತಾರಂತೆ. ಮಿಲ್ಲಿನ ಕಥೆ, ಅವಳಮ್ಮನ ಕಥೆ. "ಅವಳಿಗೆ ನಿದ್ದೆ ಬರುತ್ತೆ, ನಾನು ಬಿಡಲ್ಲ," ಅಂದರು. ಮಧ್ಯೆ ಮಧ್ಯೆ ನಿಂತು ಉಸಿರು ತಗೋಬೇಕು. ಅವಳು ಕಾಯ್ತಾಳೆ. ಮುಚ್ಚಿಡೋದೇನೂ ಇಲ್ಲದಿದ್ದರೆ ನಿಂತು ಮಾತಾಡೋದು ಅಂಥಾ ಕಷ್ಟ ಅಲ್ಲ ಅಂದರು.

ಎದ್ದು ಹೊರಡುವಾಗ: "ಅವಳಿಗೆ ಪೀಪಿ ಅದಲು ಬದಲಾದ ವಿಷಯ ಹೇಳಿಲ್ಲ. ನಾನು ಹೇಳಲ್ಲ. ಹೇಳೋದು ಬಿಡೋದು ನಿನ್ನ ಪಾಡು."

"ಹೇಗಿದ್ದೀರಿ ಮರ್ವ್?" ಅಂದೆ, ಬಾಗಿಲಲ್ಲಿ.

"ಈಗ ಕೇಳ್ತೀಯ," ಅಂದರು. ನಗಲಿಲ್ಲ. ಆದರೆ ಬಾಗಿಲು ನಿಧಾನಕ್ಕೆ ಹಾಕಿದರು.

ಮೇ 4, ಗುರುವಾರ

ಮರ್ವ್ ಹೋದರು.

ಬೆಳಿಗ್ಗೆ ಎಂಟಕ್ಕೆ. ಮೂವತ್ತು ಮುಗಿಸಿ, ಟೋಸ್ಟ್ ಬೇಕು ಅಂದರಂತೆ. ಟೀಗನ್ ಬೆಣ್ಣೆ ಹಚ್ಚಿ ತಿರುಗೋದರೊಳಗೆ. ಹೃದಯ ಸುಮ್ಮನೆ ನಿಂತಿತು ಅಂದರು ಡಾಕ್ಟರ್. ಈ ಕಾಯಿಲೆಯಲ್ಲಿ ಹೀಗೂ ಆಗುತ್ತೆ, ಯಾರೂ ಮೊದಲೇ ಹೇಳೋಕಾಗಲ್ಲ.

ಕರ್ಸ್ಟಿ ಫೋನ್ ಮಾಡಿ ತಿಳಿಸಿದಳು. ಅವಳ ದನಿಯೂ ಒಡೆದಿತ್ತು. "ನೀವು ಇವತ್ತಿನ ಮಾತ್ರೆ ತಗೊಂಡ್ರಾ?" ಅಂತ ಕೇಳಿದಳು. ತಗೊಂಡೆ ಅಂದೆ.

ತೂಕ 70.8.

ಮೇ 9, ಮಂಗಳವಾರ

ಅಂತ್ಯಕ್ರಿಯೆ. ಡೆಸ್‌ನ ಕರ್ಕೊಂಡೇ ಹೋದೆ. ಮಿಲ್ಲಿನ ಹಳಬರು ಇಪ್ಪತ್ತು ಜನ ಇರಬಹುದು. ಕ್ಲಾಸಿನವರು ಒಂದೇ ಸಾಲಲ್ಲಿ ಕೂತೆವು. ಹಾಡುವಾಗ ಪ್ರತಿ ಸಾಲಿನ ಮಧ್ಯೆ ನಿಲ್ಲೋರು ನಾವೇ.

ಆಮೇಲೆ ಚಹಾ, ಸಾಸೇಜ್ ರೋಲು. ಟೀಗನ್ ನನ್ನ ಹುಡುಕಿಕೊಂಡು ಬಂದಳು. ಅಪ್ಪನ ಹಾಗೇ ದಪ್ಪ ಬೆರಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಅವತ್ತು ನೀವು ಫೋನಲ್ಲಿ ಹೇಳದೇ ಇದ್ದಿದ್ದರೆ ನನಗೆ ಈ ನಾಲ್ಕು ವಾರ ಸಿಗ್ತಿರಲಿಲ್ಲ ಆಂಟಿ. ಬದುಕಿರೋವರೆಗೂ ಮರೆಯಲ್ಲ."

ನೆಲ ನೋಡಿದೆ.

"ಒಂದು ಕೇಳಬೇಕು. ನಿಮ್ಮ ಹೆಸರು ಬಂದರೆ ಅಪ್ಪ ಮೊದಲು ನಗ್ತಿದ್ರು, ಆಮೇಲೆ ಸುಮ್ಮನಾಗಿಬಿಡ್ತಿದ್ರು. ಯಾಕೆ ಅಂದ್ರೆ, ಅವಳನ್ನೇ ಕೇಳು ಅಂದರು. ಏನು ವಿಷಯ?"

ಸುತ್ತ ಜನ. ಡೆಸ್ ನನ್ನ ತೋಳು ಎಳೀತಿದ್ದ, ರೈಲು ತಡ ಆಗುತ್ತೆ ಅಂತ. "ಮನೆಗೆ ಬನ್ನಿ," ಅಂದೆ. ಶನಿವಾರ ಅವಳ ವಿಮಾನ. ಶುಕ್ರವಾರ ಹನ್ನೊಂದಕ್ಕೆ ಬರ್ತೀನಿ ಅಂದಳು.

ಮೇ 11

ಏನೂ ಇಲ್ಲ, ಸುಮ್ಮನೆ ತಮಾಷೆ ಅಂತ ಹೇಳಿಬಿಡಬಹುದು. ಮರ್ವ್ ಇಲ್ಲ. ಕರ್ಸ್ಟಿ ಬಾಯಿ ಬಿಡೋಳಲ್ಲ. ಟೀಗನ್ ನನ್ನ ಕೈ ಹಿಡಿದಿದ್ದು ಹಾಗೇ ಉಳಿಯುತ್ತೆ. ಆ ಹುಡುಗಿಗೂ ನೆಮ್ಮದಿ.

ಅವಳ ನೆಮ್ಮದಿಯಾ, ನಂದಾ?

ಆರು ವಾರ. ಆ ಆರು ವಾರದ ಭಾನುವಾರಗಳು ಅವಳವು. ಅಪ್ಪ ನೆಟ್ಟಗೆ ಮಾತಾಡಲಾಗದ ಆರು ಫೋನು.

ಮೇ 12, ಶುಕ್ರವಾರ, ಬೆಳಿಗ್ಗೆ 10.40

ಡೆಸ್‌ಗೆ ಸ್ನಾನ ಆಯ್ತು. ಸಹಾಯದ ಹೆಂಗಸು ಹೋದಳು. ಚಹಾಕ್ಕೆ ಸ್ಕೋನ್ ಬನ್ನು ಬೇಯಿಸಿದ್ದೀನಿ, ಯಾಕೋ, ಹಬ್ಬದ ಹಾಗೆ.

ಹೇಳ್ತೀನಿ. ಬೆಳಿಗ್ಗೆ ಎದ್ದಾಗಲೇ ಗೊತ್ತಾಗಿತ್ತು.

ಮೊದಲ ಮಾತು ಯಾವುದು ಅನ್ನೋದು ಉಳಿದಿದೆ. ಕನ್ನಡಿ ಮುಂದೆ ಹೇಳಿ ನೋಡಿದೆ. "ನಿಮ್ಮಪ್ಪ ನನಗೊಂದು ಉಪಕಾರ ಮಾಡಿದರು." ಸುಳ್ಳಲ್ಲ. "ನಿಮ್ಮಪ್ಪ ತಾವಾಗಿ ಕೊಟ್ಟರು." ಅದೂ ಸುಳ್ಳಲ್ಲ. ಎರಡಕ್ಕೂ ನನ್ನ ಮುಖ ಎಷ್ಟು ಚೆನ್ನಾಗಿ ಹೊಂದಿಕೊಳ್ತು ಅಂದರೆ ಕನ್ನಡಿ ಬಿಟ್ಟು ಬಂದೆ.

ಕಾರಿನ ಸದ್ದು. ಗೇಟು. ಡೆಸ್ ಎದ್ದು ನಿಂತ — "ಬಂದರು."

ಕೊಟ್ಟರು ಅಲ್ಲ. ನಾನು ತಗೊಂಡೆ. ಹಾಗೇ ಶುರು ಮಾಡ್ತೀನಿ: ಟೀಗನ್, ನಾನು ತಗೊಂ—